ತೆರಬಂಡಿ ಅಳೆದ ಹುರಿ

ಸಂಶಯ ನನ್ನ ಹುಟ್ಟುಗುಣ. ಅಂಗಡಿಯವನು ತಕ್ಕಡಿ ಎತ್ತಿದರೆ ನಾನು ಮುಳ್ಳನ್ನು ನೋಡುವುದಿಲ್ಲ, ಅವನ ಕಿರುಬೆರಳು ಎಲ್ಲಿದೆ ಎಂದು ನೋಡುತ್ತೇನೆ. ಮಗ್ಗದ ಮುಂದೆ ಬೆಳೆದವನಿಗೆ ಇದು ಬೇಡವೆಂದರೂ ಅಂಟಿಕೊಳ್ಳುತ್ತದೆ. ಇಡೀ ದಿನ ತಪ್ಪಿದ ಒಂದು ಎಳೆಯನ್ನು ಹುಡುಕುವುದೇ ಕೆಲಸವಾದರೆ, ಸರಿಯಾಗಿರುವ ಎಳೆಗಳು ಕಣ್ಣಿಗೇ ಬೀಳುವುದಿಲ್ಲ. ಈ ಗುಣದಿಂದಲೇ ತೆರಬಂಡಿ ಶರ್ಯತ್ತಿನಲ್ಲಿ ಅಳತೆಯ ಕೆಲಸ ನನಗೆ ಸಿಕ್ಕಿತು. ಇದೇ ಗುಣದಿಂದ ಒಬ್ಬ ಗೆಳೆಯನನ್ನೂ ಕಳೆದುಕೊಂಡೆ.

ತೆರಬಂಡಿ ಎಂದರೆ ಓಟವಲ್ಲ, ಎಳೆತ. ಚಕ್ಕಡಿಯ ಎರಡೂ ಗಾಲಿಗಳು ತಿರುಗದಂತೆ ಹಗ್ಗ ಬಿಗಿದುಬಿಡುತ್ತಾರೆ. ಆ ಉರುಳದ ಗಾಡಿಯನ್ನು ಒಂದು ಜೋಡಿ ಎತ್ತು ಒಂದು ನಿಮಿಷದಲ್ಲಿ ಎಷ್ಟು ದೂರ ಎಳೆದೊಯ್ಯುತ್ತದೆ ಎಂಬುದೇ ಪಂದ್ಯ. ಎಲ್ಲ ಜೋಡಿಗಳಿಗೂ ಅದೇ ಗಾಡಿ, ಅದೇ ನೆಲ. ಸೀಟಿ ಊದಿದಾಗ ಗಾಲಿ ನಿಂತಲ್ಲಿ ಗೂಟ ಹೊಡೆದು ಅಳೆಯುತ್ತಾರೆ. ಎರಡು ಅಡಿಗೆ ಗೆಲುವು ಹೋಗುವುದುಂಟು, ಎರಡು ಅಡಿಗೆ ತಲೆ ಒಡೆದದ್ದೂ ಉಂಟು.

ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊತ್ತಿನಲ್ಲಿ ಒಂದು ಶರ್ಯತ್ತಿಗೆ ಯಾರೋ ತಗಡಿನ ಟೇಪು ತಂದಿದ್ದರು. ಅದರ ಮೊದಲ ಒಂದು ಅಡಿಯನ್ನು ಕತ್ತರಿಸಿ ಮತ್ತೆ ತುದಿಯ ಬಳೆ ಜೋಡಿಸಿದ್ದನ್ನು ನಾನೇ ಹಿಡಿದೆ. ಸುಮ್ಮನೆ ನೋಡಲು ಹೋದವನು ನಾನು! ಅಂದಿನಿಂದ ಸುತ್ತಲಿನ ಹಳ್ಳಿಯವರು, ನೇಕಾರನಿಗೆ ಎತ್ತೂ ಇಲ್ಲ, ಹೊಲವೂ ಇಲ್ಲ, ಅವನಿಗೆ ಯಾರ ಹಂಗೂ ಇಲ್ಲ ಎಂದು ನನ್ನನ್ನೇ ಅಳತೆಗೆ ಕರೆಯತೊಡಗಿದರು. ನಾನು ಮನೆಯಲ್ಲೇ ಹತ್ತಿ ನೂಲಿನ ಹುರಿ ಹೊಸೆದೆ. ಗಂಜಿ ಹಾಕಿ, ಬಿಸಿಲಿಗೆ ಹಿಡಿದು, ಗಜಕ್ಕೊಂದು ಗಂಟು ಹಾಕಿ ಇಪ್ಪತ್ತು ಗಜದ ಹುರಿ ಮಾಡಿದೆ. ಟೇಪನ್ನು ಕತ್ತರಿಸಬಹುದು, ನನ್ನ ಗಂಟುಗಳನ್ನು ಯಾರು ಬಿಚ್ಚುತ್ತಾರೆ? ಹಾಗೆಂದು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದೆ.

ನನ್ನ ಗೆಳೆಯ ಹಿಪ್ಪರಗಿ ಕಡೆಯವನು, ಬೀರಪ್ಪ ಎಂದೂ ಕರೆಯುವ ಕುರುಬರ ದೇವರು ಬೀರೇಶ್ವರನ ಒಕ್ಕಲು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನ ಅಪ್ಪನಿಗೆ ನೂರಾರು ಕುರಿಗಳಿದ್ದವು. ಹೊಳೆಯ ಬ್ಯಾರೇಜಿಗೆ ನೀರು ನಿಂತು, ಕುರಿ ಮೇಯುವ ಒಣ ದಿಬ್ಬದ ಮಡ್ಡಿಗಳೆಲ್ಲ ಒಂದೊಂದಾಗಿ ಕಬ್ಬಿನ ತೋಟವಾದ ಮೇಲೆ ಕುರಿ ಮಾರಿ, ಇದ್ದ ಮೂರೆಕರೆ ಉಳಲು ಎತ್ತು ಕಟ್ಟಿದರು. ಹಗಲು ಉಳುವ ಆ ಎತ್ತುಗಳನ್ನೇ ಅವನು ತೆರಬಂಡಿಗೂ ಹೊಡೆದುಕೊಂಡು ಬರುತ್ತಿದ್ದ. ಆಗ ಎಲ್ಲರದೂ ಹಾಗೆಯೇ. ನೇಗಿಲು ಬಿಚ್ಚಿ, ಕೊಂಬಿಗೆ ಎಣ್ಣೆ ಸವರಿ, ಸಾವಳಗಿಯಿಂದ ಲೋಕಾಪುರದವರೆಗಿನ ಮಂದಿ ಎತ್ತುಗಳ ಜೊತೆ ನಡೆದೇ ಬರುತ್ತಿದ್ದರು. ಗೆದ್ದವನಿಗೆ ಒಂದು ತಾಮ್ರದ ಕೊಡ, ಎತ್ತಿನ ಬೆನ್ನಿಗೆ ಹೊದಿಸಲು ಒಂದು ಜೂಲು. ಬೆಳಿಗ್ಗೆ ಹಿಡಿದ ಹುರಿಯನ್ನು ನಾನು ಸೂರ್ಯ ಮುಳುಗಿದ ಮೇಲೆ ಸುತ್ತುತ್ತಿದ್ದೆ. ಅಷ್ಟು ಜೋಡಿಗಳು ಬರುತ್ತಿದ್ದವು.

ಕಬ್ಬಿನ ಹಿಂದೆ ಟ್ರ್ಯಾಕ್ಟರ್ ಬಂತು. ಉಳುವ ಎತ್ತು ಕೊಟ್ಟಿಗೆ ಬಿಟ್ಟಿತು. ಉಳಿದದ್ದು ಶರ್ಯತ್ತಿನ ಎತ್ತು ಮಾತ್ರ. ಅದು ನೇಗಿಲನ್ನೇ ಕಂಡಿರುವುದಿಲ್ಲ. ಗಡಿಯಾಚೆಯ ಸಂತೆಯಿಂದ ಖಿಲಾರಿ ತಳಿಯ ಹೋರಿ ತರಬೇಕು, ಅದರ ಬೆಲೆಗೆ ಮೊದಲು ಮೋಟಾರ್ ಸೈಕಲ್ ಬರುತ್ತಿತ್ತು, ಆಮೇಲೆ ಹಳೆಯ ಟ್ರ್ಯಾಕ್ಟರೇ ಬರುವಂತಾಯಿತು. ಅದಕ್ಕೆ ದಿನಾ ಹಾಲು, ಕೋಳಿಮೊಟ್ಟೆ, ತುಪ್ಪ, ಉದ್ದಿನ ಹಿಟ್ಟು, ನೆನೆಸಿದ ಬಾದಾಮಿ. ಮೈ ತಿಕ್ಕಲು ಒಬ್ಬ ಆಳು. ಶರ್ಯತ್ತಿಗೆ ನಡೆಸಿಕೊಂಡು ಬಂದರೆ ದಣಿಯುತ್ತದೆಂದು ಬಾಡಿಗೆ ಟೆಂಪೋ. ಹೆಸರು ಹಚ್ಚಲು ಬೇರೆ ಫೀ. ಬಹುಮಾನವೂ ಕೊಡದಿಂದ ಮೋಟಾರ್ ಸೈಕಲ್ಲಿಗೆ ಏರಿತು. ಬಹುಮಾನ ಏರಿದಂತೆಲ್ಲ ಬರುವ ಜೋಡಿಗಳು ಇಳಿದವು. ಬೀಳಗಿ ಕಡೆಯ ಒಂದು ಒಳ್ಳೆಯ ಬಯಲು ಹಿನ್ನೀರಿನಡಿ ಹೋಯಿತು, ಅಲ್ಲಿನವರು ಬರುವುದೇ ನಿಂತಿತು. ಕೊನೆಕೊನೆಗೆ ಮಧ್ಯಾಹ್ನದ ಊಟಕ್ಕೆ ಮೊದಲೇ ನನ್ನ ಕೆಲಸ ಮುಗಿಯುತ್ತಿತ್ತು. ಗುತ್ತಿಗೆದಾರರು, ಕಬ್ಬಿನ ದೊಡ್ಡ ಕುಳಗಳು, ಅವರ ನಡುವೆ ಮೂರೆಕರೆಯ ನನ್ನ ಗೆಳೆಯ ಒಬ್ಬ.

ಅವನು ಹೇಗೆ ಉಳಿದ? ನನ್ನ ತಲೆಯಲ್ಲಿ ಹುಳ ಹೊಕ್ಕದ್ದು ಇಲ್ಲಿಯೇ. ಉಳಿದದ್ದಷ್ಟೇ ಅಲ್ಲ, ಅವನು ಗೆಲ್ಲತೊಡಗಿದ. ಒಂದಲ್ಲ, ಮೇಲಿಂದ ಮೇಲೆ ಮೂರು ವರ್ಷ.

ಗೆದ್ದ ರೀತಿಯೂ ನನಗೆ ಸರಿ ಕಾಣಲಿಲ್ಲ. ಮಡ್ಡಿಗಳು ಹೋದ ಮೇಲೆ ಶರ್ಯತ್ತು ಕಾಲುವೆಯ ಕೆಳಗಿನ ಕಪ್ಪು ಎರಿ ಹೊಲಕ್ಕೆ ಬಂದಿತ್ತು. ಸುತ್ತ ಕಬ್ಬು, ಬೆಳಿಗ್ಗೆ ನೆಲವೆಲ್ಲ ತೇವ. ಆ ಹಸಿ ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಡಿ ಭಾರವಾಗುತ್ತದೆ. ಮೊದಲು ಹೂಡಿದವನು ಸೋತಂತೆಯೇ ಎಂದು ಎಲ್ಲರೂ ಬಿಸಿಲೇರಲಿ ಎಂದು ಕಾಯುತ್ತಿದ್ದರು. ಇವನು ಮಾತ್ರ, ಬೀರಪ್ಪನ ಹೆಸರಿನಲ್ಲಿ ಉಪವಾಸ ಇದ್ದೇನೆ, ನನ್ನ ಎತ್ತು ಮೊದಲು ಹೂಡುವುದು ನಮ್ಮ ಮನೆಯ ನಡತೆ ಎಂದು ಇಬ್ಬನಿಯಲ್ಲೇ ಹೂಡುತ್ತಿದ್ದ. ಹೂಡುವ ಮೊದಲು ಸೊಂಟದ ಚೀಲದಿಂದ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ತೆಗೆದು ಎತ್ತುಗಳ ಹಣೆಗೆ ಹಚ್ಚಿ ನಾಲಗೆಗೂ ಒಂದಿಷ್ಟು ನೆಕ್ಕಿಸುತ್ತಿದ್ದ. ಸೋಲಬೇಕಾದ ಹೊತ್ತಿನಲ್ಲಿ ಹೂಡಿ ನಾಲ್ಕು ಅಡಿ, ಐದು ಅಡಿಯಲ್ಲಿ ಗೆಲ್ಲುತ್ತಿದ್ದ.

ಎತ್ತುಗಳಿಗೆ ಸಾರಾಯಿ ಕುಡಿಸುವವರ ಸುದ್ದಿ, ಸೂಜಿ ಚುಚ್ಚುವವರ ಸುದ್ದಿ ಆಗ ಎಲ್ಲ ಕಡೆ ಇತ್ತು. ನಾನು ಕದ್ದು ನೋಡತೊಡಗಿದೆ. ಅವನ ಎತ್ತಿನ ಬಾಯಿಯ ನೊರೆ ಮೂಸಿದೆ. ಕಣ್ಣು ಕೆಂಪಾಗಿದೆಯೇ ಎಂದು ಸವರುವ ನೆವದಲ್ಲಿ ರೆಪ್ಪೆ ಎತ್ತಿ ನೋಡಿದೆ. ಒಮ್ಮೆ ಹೇಳದೆ ಕೇಳದೆ ಅವನ ಊರಿಗೇ ಹೋದೆ. ಅವನು ಮನೆಯಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ಮೊಟ್ಟೆಯ ಸಿಪ್ಪೆ ಬಿಟ್ಟರೆ ಏನೂ ಸಿಗಲಿಲ್ಲ. ಗೂಡಿನಲ್ಲಿದ್ದ ಸೀಸೆಯ ಬಿರಡೆ ತೆಗೆದು ಮೂಸುತ್ತಿರುವಾಗ ಅವನ ಹೆಂಡತಿ ಬಂದು ನಿಂತಳು.

“ಅದು ಕೊಬ್ರಿ ಎಣ್ಣಿರೀ ಅಣ್ಣಾರ, ಕೊಂಬಿಗೆ ಹಚ್ಚೂದು,” ಎಂದಳು. ನಾನು ಏನೋ ತೊದಲಿದೆ. ಅವಳು ಚಹಾ ಕೊಡುತ್ತ ಬರಿದಾದ ಕೊರಳು ಮುಟ್ಟಿಕೊಂಡು ನಕ್ಕಳು. “ನನ್ನ ಬೋರಮಾಳ ಎತ್ತಿನ ಹೊಟ್ಟಿ ಸೇರಿತ್ರಿ, ಗೆದ್ದ ಮೋಟಾರ್ ಸೈಕಲ್ಲೂ ಮಾರಿ ಅವಕ್ಕ ಹಾಕಿದ್ರು. ಸೋತಿದ್ರ ಬಿಡತಿದ್ರೋ ಏನೋ. ಗೆದ್ದಾರಲ್ಲ, ಈಗ ಬಿಡಂದ್ರ ಕೇಳಂಗಿಲ್ಲ. ನೀವರ ಒಂದ್ ಮಾತ ಹೇಳ್ರಿ.”

ಬೇರೆ ಯಾರಾದರೂ ಆಗಿದ್ದರೆ ಆ ಬರಿ ಕೊರಳು ನೋಡಿ ಸಂಶಯ ಬಿಡುತ್ತಿದ್ದರು. ನಾನು, ಹಾಗಾದರೆ ಮದ್ದು ಭಂಡಾರದ ಚೀಲದಲ್ಲೇ ಇದೆ ಎಂದು ತೀರ್ಮಾನಿಸಿ ಬಸ್ಸು ಹತ್ತಿದೆ.

ನಾಲ್ಕನೆಯ ವರ್ಷ ಬಂದದ್ದು ನಾಲ್ಕೇ ಜೋಡಿ. ಬಹುಮಾನದ ಮೋಟಾರ್ ಸೈಕಲ್ಲಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಇಬ್ಬನಿ ಇನ್ನೂ ಆರಿರಲಿಲ್ಲ. ಹಿಂದಿನ ವರ್ಷ ಸೋತ ಗುತ್ತಿಗೆದಾರನೊಬ್ಬ ನನ್ನ ಕಿವಿಗೆ ಬೀಳುವಂತೆ, “ಅಳತಿಯಾಂವ ಮತ್ತ ಗೆದ್ದಾಂವ ಒಂದ ಸಾಲಿಯವರಂತಲ್ರೆಪಾ,” ಎಂದ. ನನ್ನ ಮೈಯೆಲ್ಲ ಉರಿಯಿತು. ಊರೆಲ್ಲರನ್ನು ಸಂಶಯದಿಂದ ನೋಡುವ ನನ್ನನ್ನೇ ಒಬ್ಬ ಸಂಶಯದಿಂದ ನೋಡುವುದೆಂದರೇನು! ಅದೇ ಹೊತ್ತಿಗೆ ಗೆಳೆಯ ಚೀಲಕ್ಕೆ ಕೈ ಹಾಕಿದ. ನಾನು ಹುರಿ ಕೆಳಗಿಟ್ಟು ಹೋಗಿ ಅವನ ಮಣಿಕಟ್ಟು ಹಿಡಿದೆ.

“ಎತ್ತಿಗಿ ಆಮ್ಯಾಲ. ಮೊದಲ ನೀ ನುಂಗು,” ಎಂದೆ. ಎಲ್ಲರಿಗೂ ಕೇಳಿಸುವಂತೆಯೇ ಎಂದೆ.

ಬೀರಪ್ಪನ ಭಂಡಾರದ ಮೇಲೆ ಸಂಶಯ ಪಡುವುದು ಅವರ ಮನೆತನದವರಿಗೆ ಎಂಥ ಮಾತು ಎಂದು ನನಗೆ ಗೊತ್ತಿತ್ತು. ಅವನು ನನ್ನ ಮುಖವನ್ನೇ ನೋಡಿದ, ಏನನ್ನೋ ಓದುವವನಂತೆ ನೋಡಿದ. ಆಮೇಲೆ ಚೀಲವನ್ನು ಅಂಗೈಗೆ ಪೂರ್ತಿ ಸುರುವಿಕೊಂಡು ಬಾಯಿಗೆ ಹಾಕಿಕೊಂಡ. ಒಣ ಅರಿಶಿನ ಗಂಟಲಿಗೆ ಸಿಕ್ಕಿ ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ. ಬಾಯಿ ಒರೆಸಿಕೊಂಡು, ಗಾಡಿಗೆ ಹೂಡದೆಯೇ ಎತ್ತುಗಳನ್ನು ಹೊಡೆದುಕೊಂಡು ಹೊಲ ದಾಟಿ ಹೋದ. ಅವನಿಗೆ ಏನೂ ಆಗಲಿಲ್ಲ. ಎತ್ತುಗಳನ್ನು ಅವನು ಒಂದು ತಿಂಗಳೊಳಗೆ ಗಡಿಯಾಚೆಯ ದಲಾಲಿಗೆ ಮಾರಿದನೆಂದು ಕೇಳಿದೆ. ಸಿಕ್ಕಿಬೀಳುವ ಹೆದರಿಕೆಗೆ ಮಾರಿದ ಎಂದುಕೊಂಡೆ. ನನಗೆ ನಾಚಿಕೆ ಇರಲಿಲ್ಲ ಎಂದು ಇಲ್ಲಿ ಬರೆದೇಬಿಡುತ್ತೇನೆ.

ಮರುವರ್ಷ ಆ ಹೊಲದಲ್ಲಿ ಶರ್ಯತ್ತೇ ನಡೆಯಲಿಲ್ಲ. ಮೂರು ಜೋಡಿಗೆ ಯಾರು ಪೆಂಡಾಲು ಹಾಕುತ್ತಾರೆ? ಹುರಿ ಗೂಟಕ್ಕೆ ನೇತಾಡುತ್ತಿತ್ತು. ಮಳೆಗಾಲದಲ್ಲಿ ನನ್ನ ಹೆಂಡತಿ ಅದನ್ನು ಬಿಚ್ಚಿ, ಹಿತ್ತಲಿನ ಗೋಡೆಗೂ ಬೇವಿನ ಗಿಡಕ್ಕೂ ಎರಡು ಸುತ್ತು ಬಿಗಿದು ಅರಿವೆ ಒಣಹಾಕಲು ಕಟ್ಟಿದಳು. ಒಂದು ಬೆಳಿಗ್ಗೆ ನೋಡಿದರೆ ಗೋಡೆಯ ಮೊಳೆ ಕಿತ್ತು ಬಂದಿತ್ತು, ಅರಿವೆಗಳೆಲ್ಲ ಕೆಸರಿನಲ್ಲಿ.

“ರೀ, ನಿಮ್ಮ ಹುರಿ ಗಿಡ್ಡ ಆಗೇತ್ ನೋಡ್ರಿ. ಮೊಳೀತನಾ ಮುಟ್ಟವಲ್ದು,” ಎಂದಳು.

ಯಾರೋ ಕತ್ತರಿಸಿದ್ದಾರೆ! ನನಗೆ ಮೊದಲು ಹೊಳೆದದ್ದು ಅದೇ. ಪಕ್ಕದ ಮನೆಯವರ ಮೇಲೆ ಕಣ್ಣು ಹೋಯಿತು. ಗಂಟುಗಳನ್ನು ಎಣಿಸಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಇದ್ದವು. ಮಗ್ಗದ ಮನೆಯಿಂದ ಕಬ್ಬಿಣದ ಗಜಕಡ್ಡಿ ತಂದು ಅಂಗಳದಲ್ಲಿ ಹಾಸಿ ಅಳೆದೆ. ಇಪ್ಪತ್ತು ಗಜಕ್ಕೆ ಎರಡು ಗೇಣು, ಅಂದರೆ ಒಂದೂವರೆ ಅಡಿ ಕಡಿಮೆ. ಮೂರು ದಿನ ಬಿಸಿಲು ಬಿತ್ತು. ಒಣಗಿದ ಹುರಿಯನ್ನು ಇಬ್ಬರು ಎರಡು ಕಡೆ ಜಗ್ಗಿ ಹಿಡಿದಾಗ ಮತ್ತೆ ಸರಿಯಾಯಿತು.

ನೀರು ಕಂಡ ನೂಲು ಗಿಡ್ಡವಾಗುತ್ತದೆ ಎಂದು ನಮ್ಮ ನೇಕಾರರ ಊರು ಬನಹಟ್ಟಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಸೀರೆ ಕೊಳ್ಳುವವರಿಗೆ ದಿನಕ್ಕೆ ಹತ್ತು ಸಲ ನಾನೇ ಹೇಳುತ್ತಿದ್ದ ಮಾತು ಅದು. ನಾನೇ ಹೊಸೆದು ನಾನೇ ಗಂಜಿ ಹಾಕಿದ ಹುರಿಗೂ ಅದು ಅನ್ವಯಿಸುತ್ತದೆ ಎಂದು ಒಂದು ದಿನವೂ ಅನಿಸಿರಲಿಲ್ಲ. ಒಣ ಮಡ್ಡಿಯ ಮೇಲೆ ಅಳೆಯುವಾಗ ಏನೂ ಆಗಿರಲಿಲ್ಲ. ಕಾಲುವೆಯ ಕೆಳಗೆ ಬಂದ ಮೇಲೆ, ಇಬ್ಬನಿಯಲ್ಲಿ ತೊಯ್ದ ಗಿಡ್ಡ ಹುರಿಯಿಂದ ಬೆಳಗಿನ ಮೊದಲ ಜೋಡಿಯನ್ನು ಅಳೆಯುತ್ತಿದ್ದೆ, ಒಣಗಿ ಉದ್ದವಾದ ಹುರಿಯಿಂದ ಉಳಿದವರನ್ನು. ಐದು ಸಲ ಹಾಸಿದರೆ ಏಳೆಂಟು ಅಡಿಯ ವ್ಯತ್ಯಾಸ. ಅವನು ಗೆದ್ದದ್ದು ನಾಲ್ಕು ಅಡಿ, ಐದು ಅಡಿ. ಎತ್ತುಗಳು ಏನನ್ನೂ ಕುಡಿದಿರಲಿಲ್ಲ. ಮೋಸ ನನ್ನ ಕೈಯಲ್ಲೇ ಇತ್ತು. ನಾನು ಅವನನ್ನು ಸುಳ್ಳೇ ಗೆಲ್ಲಿಸದಿದ್ದರೆ ಉಳಿದ ಬಡವರಂತೆ ಅವನೂ ಮೊದಲೇ ಬಿಡುತ್ತಿದ್ದ, ಬೋರಮಾಳ ಆ ಹೆಣ್ಣುಮಗಳ ಕೊರಳಲ್ಲೇ ಇರುತ್ತಿತ್ತು.

ಹೇಳಿದರೆ ಅವನ ಮೂರು ಗೆಲುವುಗಳೂ ಹೋಗುತ್ತವೆ. ಹೇಳದಿದ್ದರೆ ಭಂಡಾರದ ಕಳಂಕ ಉಳಿಯುತ್ತದೆ. ಎಂಟು ದಿನ ಒದ್ದಾಡಿ ಕೊನೆಗೆ ಹೋದೆ. ಅವನು ಕಬ್ಬಿಗೆ ನೀರು ಹಾಯಿಸುತ್ತಿದ್ದ. ನನ್ನನ್ನು ನೋಡಿ ಸಲಿಕೆ ಊರಿ ನಿಂತ. ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಮೊಳೆ ಕಿತ್ತದ್ದರಿಂದ ಹಿಡಿದು ಎರಡು ಗೇಣಿನವರೆಗೆ.

“ಅಂದ್ರ ನೀ ಬೇಕಂತ ಮಾಡಿದ್ದಿಲ್ಲ?” ಎಂದ.

“ಏನ್ ಬೇಕಂತ?”

“ನನಗ ನಾಕ್ ಅಡಿ ಹೆಚ್ಚ ಹಿಡಿಯಾಕತ್ತಿ ಅಂತ ತಿಳಿದಿದ್ನೋ ದೋಸ್ತ. ಗೂಟ ಹೊಡದಲ್ಲಿತನಾ ನಾ ಹೆಜ್ಜೀಲೆ ಎಣಸತಿದ್ದೆ. ನೀ ಕೂಗಿದ್ದಕ್ಕೂ ನನ್ನ ಹೆಜ್ಜಿಗೂ ತಾಳೆ ಆಗತಿದ್ದಿಲ್ಲ. ಬೋರಮಾಳ ಹೋದದ್ದು ಇವಂಗ ಗೊತ್ತಾಗೇತಿ, ಅದಕ್ಕ ನನ್ನ ಮ್ಯಾಲ ಎತ್ತಾಕತ್ತಾನ ಅಂತ ಸುಮ್ಮನಿದ್ದೆ.”

ನಾನು ಬದುವಿನಿಂದ ಎದ್ದು ನಿಂತೆ. “ಭಂಡಾರ ನುಂಗಂದಾಗ?”

“ಮಂದೀಗಿ ಸಂಶೆ ಬಂದೈತಿ, ನಿನ್ನ ಹೆಸರ ಕೆಡಬಾರದಂತ ನನ್ನ ಮ್ಯಾಲ ಹಾಕಾಕತ್ತಿ ಅನ್ಕೊಂಡೆ. ಅದಕ್ಕ ನುಂಗಿದೆ.” ಅವನು ಸಲಿಕೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದ. “ಎತ್ತ ಇಟ್ಕೊಂಡ್ರ ನನ್ನ ಸಲುವಾಗಿ ನೀ ಮತ್ತ ಕಳ್ಳ ಅಳತಿ ಮಾಡ್ತಿ, ಒಂದಿನ ಮಂದಿ ಕೈಯಾಗ ಸಿಗತಿ ಅಂತ ಮಾರಿಬಿಟ್ಟೆ. ಖರೇನ ನನ್ನ ಮ್ಯಾಲ ಸಂಶೆ ಪಟ್ಟಿದ್ಯಾ?”

“ಹೂಂ,” ಎಂದೆ.

ಕಬ್ಬಿನ ಮಡಿಯ ನೀರು ತುಂಬಿ ಹೊರಗೆ ಚೆಲ್ಲುತ್ತಿತ್ತು. ಅವನು ಅದನ್ನು ತಿರುವಲೂ ಇಲ್ಲ.

“ಹಂಗಾದ್ರ ಎತ್ತ ಮಾರಬಾರದಿತ್ತು,” ಎಂದ.