ಪನ್ನೀರು ಗುಲಾಬಿಗೆ ಸುರಿದ ಬಗ್ಗಡ

ಬೇಸಿಗೆ ರಜೆಯನ್ನು ಕಾಗದನಗರದ ಕ್ವಾರ್ಟರ್ಸಿನಲ್ಲೇ ಕಳೆಯುತ್ತಿದ್ದ ಕಾಲ ಅದು. ಮಧ್ಯಾಹ್ನ ಬೀದಿಗೆ ಬೀದಿಯೇ ಮಂಪರಿನಲ್ಲಿರುತ್ತಿತ್ತು. ಕಾಗದದ ಕಾರ್ಖಾನೆ ಕಡೆಯಿಂದ ಬೆಂದ ಬಿದಿರಿನ ವಾಸನೆ ತೇಲಿ ಬರುತ್ತಿತ್ತು. ನಾವು ಹುಡುಗಿಯರು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಚೀಪುತ್ತ ನೆರಳಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು.

ಪಕ್ಕದ ಮನೆಯ ಸೆಲ್ವಿ ಅಕ್ಕ ಎಣ್ಣೆ ಡಬ್ಬಗಳಲ್ಲಿ ಗಿಡ ಬೆಳೆಸಿದ್ದರು. ಅದರಲ್ಲೊಂದು ಪನ್ನೀರು ಗುಲಾಬಿ. ತೀರಿಹೋದ ಅವರಮ್ಮ ಧರ್ಮಪುರಿಯಿಂದ ತಂದುಕೊಟ್ಟದ್ದು. ಆ ವರ್ಷ ಅದು ಹೂ ಬಿಟ್ಟಿರಲಿಲ್ಲ.

ಮಾಚೇನಹಳ್ಳಿ ಹತ್ತಿರ, ನನ್ನ ತಾಯಿಯ ತವರಿನಲ್ಲಿ ಅಜ್ಜ ಎರಡು ಹಸು ಕಟ್ಟಿದ್ದರು. ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ. ಗ್ಯಾಸು ಒಲೆಗೆ ಹೋದರೆ, ಉಳಿದ ಸಗಣಿ ನೀರು ಹಿಂದಿನ ತೊಟ್ಟಿಗೆ ಇಳಿಯುತ್ತಿತ್ತು. ಅದೇ ಬಗ್ಗಡ. "ಗಿಡಕ್ಕೆ ಇದಕ್ಕಿಂತ ಒಳ್ಳೇ ಊಟ ಇಲ್ಲ" ಎಂದು ಅಜ್ಜ ಹೇಳಿದ್ದನ್ನು ಕೇಳಿ, ಒಂದು ಕ್ಯಾನು ತುಂಬಿಸಿ ತಂದೆ. ಸೆಲ್ವಿ ಅಕ್ಕ ಮಲಗಿದ್ದಾಗ ಅಷ್ಟನ್ನೂ ಗುಲಾಬಿಯ ಬುಡಕ್ಕೆ ಸುರಿದೆ. ಹೂ ಕಂಡು ಅವರು ಬೆರಗಾಗಲಿ ಎಂಬ ಆಸೆ.

ವಾರದೊಳಗೆ ಎಲೆಗಳು ಅಂಚಿನಿಂದ ಕಪ್ಪಾಗಿ ಉದುರಿದವು. ಅಕ್ಕ ಗಿಡವನ್ನು ಕಿತ್ತು ಕಾಂಪೌಂಡಿನಾಚೆ ಇಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬಿಸಿಲು ಜಾಸ್ತಿ ಆಯ್ತು" ಎಂದಷ್ಟೇ ಅಂದರು.

ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅಜ್ಜನ ಹತ್ತಿರ ಒಯ್ದೆ.

"ಹಸಿ ಬಗ್ಗಡ ಸುರಿದ್ಯೇನೇ ಮಾರಾಯ್ತಿ? ಆಗ ತಾನೇ ಒಲೆಯಿಂದ ಇಳಿಸಿದ ಗಂಜಿನ ಮಗು ಬಾಯಿಗೆ ಹಾಕ್ತಾರಾ?"

ಅಜ್ಜ ಉಗುರಿನಿಂದ ಕಾಂಡ ಕೆರೆದರು. ಬುಡದ ಹತ್ತಿರ ಇನ್ನೂ ಹಸಿರಿತ್ತು. ಮೂರು ಕಡ್ಡಿ ಕತ್ತರಿಸಿ ಒದ್ದೆ ಮರಳಿಗೆ ಚುಚ್ಚಿದರು.

ಅಜ್ಜನ ಮನೆಯಲ್ಲೇ ಉಳಿದುಕೊಂಡ ಆಮೇಲಿನ ದಿನಗಳು ಈಗಲೂ ಕನಸಿನ ಹಾಗೆ ನೆನಪಾಗುತ್ತವೆ. ಬಗ್ಗಡವನ್ನು ನೆರಳಲ್ಲಿ ಗೋಣಿತಾಟಿನ ಮೇಲೆ ಹರಡುವುದು, ದಿನಾ ಕೈಯಾಡಿಸುವುದು. ಮೊದಮೊದಲು ಮೂಗಿಗೆ ಬಡಿಯುತ್ತಿದ್ದ ವಾಸನೆ ಮೆಲ್ಲಗೆ ಕಳೆದು, ಒಂದು ದಿನ ಮೊದಲ ಮಳೆಯ ನೆಲದ ಘಮ ಬಂತು. ಪುಡಿ ಮಾಡಿ, ತೊಳೆದ ತೆಂಗಿನ ನಾರಿನ ಪುಡಿ, ಕೆಮ್ಮಣ್ಣು ಕಲಸಿದೆವು. ಕೈಯಲ್ಲಿ ಹಿಡಿದರೆ ಅವಲಕ್ಕಿಯಷ್ಟು ಹಗುರ. ಎರಡು ಕಡ್ಡಿ ಕೊಳೆತವು. ಮೂರನೆಯದು ಬೇರು ಬಿಟ್ಟಿತು. ಅದನ್ನು ಆ ಮಣ್ಣಿಗೆ ಇಟ್ಟ ಮೇಲೆ ಕೆಂಪಗೆ ಎರಡು ಚಿಗುರು ಬಂದವು.

"ಅಕ್ಕನಿಗೆ ನೀವೇ ಕೊಡಿ ಅಜ್ಜ," ಎಂದೆ.

"ನಾನ್ಯಾಕೆ? ನೀನೇ ಕೊಡು. ಮಾಡಿದ್ದನ್ನ ಹೇಳಿ ಕೊಡು."

ಶಾಲೆ ಶುರುವಾಗುವ ಹಿಂದಿನ ದಿನ ಆ ಗಿಡದ ಡಬ್ಬ ಹೊತ್ತು ಸೆಲ್ವಿ ಅಕ್ಕನ ಬಾಗಿಲಲ್ಲಿ ನಿಂತೆ. "ನಾನೇ ಬಗ್ಗಡ ಹಾಕಿದ್ದು ಅಕ್ಕಾ. ಅದಕ್ಕೇ ಸತ್ತಿದ್ದು," ಎನ್ನುವಷ್ಟರಲ್ಲಿ ಅಳು ಬಂತು.

ಅವರು ಚಿಗುರನ್ನು ಬೆರಳಲ್ಲಿ ಮುಟ್ಟಿದರು. "ಗೊತ್ತಿತ್ತು, ನನ್ ಕಣ್ಣು. ಡಬ್ಬ ಎಲ್ಲಾ ಸಗಣಿ ವಾಸನೆ ಹೊಡೀತಿತ್ತಲ್ಲ. ನೀನಾಗೇ ಬಂದು ಹೇಳ್ತೀಯ ಅಂತ ಸುಮ್ನಿದ್ದೆ."

ಎಷ್ಟೋ ವರ್ಷಗಳ ಮೇಲೆ ಕಾರ್ಖಾನೆ ನಿಂತಿತು. ಸೆಲ್ವಿ ಅಕ್ಕ ಗುಲಾಬಿಯನ್ನು ಮಡಿಲಲ್ಲಿಟ್ಟುಕೊಂಡು ಊರು ಬಿಟ್ಟರು. ಅಜ್ಜ ತೀರಿಹೋದ ಮೇಲೆ ಮನೆಯವರು ಗೋಬರ್ ಗ್ಯಾಸಿನ ಗುಂಡಿಯನ್ನೂ ಮುಚ್ಚಿಸಿದರು. ಈಗ ಶಿವಮೊಗ್ಗದಲ್ಲಿ, ಕೋಟೆ ಹತ್ತಿರದ ನಮ್ಮ ಬಾಲ್ಕನಿಗೆ ನರ್ಸರಿಯಿಂದ ಗೊಬ್ಬರದ ಪ್ಯಾಕೆಟ್ ತರುತ್ತೇನೆ. ಗಿಡಗಳೇನೋ ಚೆನ್ನಾಗಿಯೇ ಬರುತ್ತವೆ. ಆದರೆ ನನ್ನ ತಪ್ಪು ಗೊತ್ತಿದ್ದೂ, ಒಂದು ಬೇಸಿಗೆ ಪೂರ್ತಿ ನನಗಾಗಿ ಸುಮ್ಮನಿರುವವರು ಈ ಬೀದಿಯಲ್ಲಿ ಯಾರಿದ್ದಾರೆ? ಪಕ್ಕದ ಮನೆಯವರ ಹೆಸರು ಕೂಡ ನನಗೆ ಗೊತ್ತಿಲ್ಲ.