ಬ್ರ್ಯಾಕೆಟ್ ಮೇಡಂ ಕಟ್ಟಿದ ಬೇಲಿ

ಯಂತ್ರಕ್ಕೆ ತೀರ ಹತ್ತಿರ ಕುಳಿತು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವವರ ಕ್ಷೇತ್ರ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಲಿಫ್ಟ್ ಸರಿಯಾಗಿ ನಿಂತಾಗ ಅದನ್ನು ನಿಲ್ಲಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಸರಕು ಲಿಫ್ಟ್ ತಯಾರಿಸುವ ಕಾರ್ಖಾನೆಯೊಂದರ ನಿಯಂತ್ರಣ ವಿಭಾಗದಲ್ಲಿ ತಮ್ಮ ವೃತ್ತಿಜೀವನವನ್ನೆಲ್ಲ ಕಳೆದು ಈ ವಾರ ನಿವೃತ್ತರಾಗುತ್ತಿರುವ ಹಿರಿಯ ಎಂಜಿನಿಯರ್, ಎಲ್ಲರ ಬಾಯಲ್ಲಿ ‘ಬ್ರ್ಯಾಕೆಟ್ ಮೇಡಂ’, ಆ ಕೇಳದ ಪ್ರಶ್ನೆಗೆ ಸಲ್ಲಬೇಕಾದ ಉತ್ತರಗಳಲ್ಲಿ ಮೊದಲನೆಯವರು.

ಅವರ ನಿವೃತ್ತಿಗೆಂದು ಹೊರತರುತ್ತಿರುವ ಈ ಅಭಿನಂದನ ಸಂಪುಟದ ಮೊದಲ ಪುಟದಲ್ಲಿ ಆಡಳಿತ ಮಂಡಳಿಯ ಶುಭಾಶಯವಿದೆ. ಅದರಲ್ಲಿ ಅವರನ್ನು ‘ಸದಾ ಹಸನ್ಮುಖಿ’ ಎಂದು ಕೊಂಡಾಡಲಾಗಿದೆ. ಕೆಲವು ವರ್ಷಗಳಿಂದ ಆ ಮುಖದಲ್ಲಿ ನಗುವಿಗೆ ಜಾಗವಿಲ್ಲದಂತೆ ಮಾಡಿದವರೇ ಹೀಗೆ ಬರೆದಿದ್ದಾರೆ. ‘ಅಹಿತಕರ ವಿಷಯಗಳನ್ನು ಬಿಡತಕ್ಕದ್ದು’ ಎಂಬ ಸೂಚನೆಯೂ ಲೇಖಕರಿಗೆಲ್ಲ ಬಂದಿತ್ತು. ಅವನ್ನು ಬಿಟ್ಟುಬಿಟ್ಟರೆ ಮೇಡಂ ಅವರ ಸೇವೆಯ ಬಗ್ಗೆ ಬರೆಯಲು ಉಳಿಯುವುದು ಹಾಜರಾತಿ ಮಾತ್ರ.

ಅವರು ಸೇರಿದ ಕಾಲಕ್ಕೆ ವಿಭಾಗವೆಂದರೆ ಗೋದಾಮಿನ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗೆ ಪರೀಕ್ಷೆಯ ಲಿಫ್ಟ್ ಓಡಿದಾಗಲೆಲ್ಲ ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತಿತ್ತು. ಲಿಫ್ಟನ್ನು ಆಳುವ ಚಿಪ್‌ನೊಳಗೆ ಪುಟ್ಟ ಸ್ವಿಚ್ಚುಗಳ ಸಾಲೊಂದಿದೆ ಎಂದುಕೊಳ್ಳಿ. ಒಂದು ಏರು, ಪಕ್ಕದ್ದು ಇಳಿ, ಇನ್ನೊಂದು ಬಾಗಿಲು, ಮತ್ತೊಂದು ಗಂಟೆ. ಒಂದನ್ನು ಮುಟ್ಟುವಾಗ ನೆರೆಯದ್ದು ಕದಲಬಾರದು. ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುವವನು ಗಾಜಿಗೆ ಕಾಗದ ಅಂಟಿಸಿಕೊಳ್ಳುತ್ತಾನಲ್ಲ, ಹಾಗೆ ಬೇಡದ್ದನ್ನು ಮರೆಮಾಡಿ ಬೇಕಾದದ್ದನ್ನಷ್ಟೇ ಮುಟ್ಟುವ ಉಪಾಯಕ್ಕೆ ಬಿಟ್‌ಮಾಸ್ಕ್ ಎನ್ನುತ್ತಾರೆ. ಪ್ರತಿ ಸಲವೂ ಅದನ್ನು ಚಿಹ್ನೆಗಳ ಗೋಜಲಿನಲ್ಲಿ ಬರೆಯುವ ಬದಲು, ಒಮ್ಮೆ ಹೆಸರಿಟ್ಟು ಬರೆದಿಟ್ಟುಕೊಳ್ಳುವ ಚಿಕ್ಕ ಸೂತ್ರವೇ ಮ್ಯಾಕ್ರೊ.

ಆಗ ಒಬ್ಬೊಬ್ಬರದು ಒಂದೊಂದು ಸೂತ್ರವಿತ್ತು. ತಾನು ಬರೆದದ್ದು ತನಗೇ ಮರುವಾರ ಅರ್ಥವಾಗದಿದ್ದರೆ ಅದನ್ನು ಜಾಣತನವೆಂದು ಕರೆದುಕೊಳ್ಳುವವರೂ ಇದ್ದರು. ಮೇಡಂ ಆ ಸಂತೆಯನ್ನೆಲ್ಲ ಗುಡಿಸಿ ಒಂದೇ ಪುಟದಲ್ಲಿ ಬೆರಳೆಣಿಕೆಯ ಮ್ಯಾಕ್ರೊಗಳನ್ನಿಟ್ಟರು. ಹಚ್ಚುವುದಕ್ಕೊಂದು, ಆರಿಸುವುದಕ್ಕೊಂದು, ಉರಿಯುತ್ತಿದೆಯೇ ಎಂದು ನೋಡುವುದಕ್ಕೊಂದು. ಹೆಸರು ಓದಿದರೆ ಕೆಲಸ ತಿಳಿಯಬೇಕು. ಒಳಗೆ ಕೊಟ್ಟ ಪ್ರತಿಯೊಂದಕ್ಕೂ ಸುತ್ತ ಬ್ರ್ಯಾಕೆಟ್ ಇರಬೇಕು. ಏಕೆಂದರೆ ಮ್ಯಾಕ್ರೊಗೆ ಸ್ವಂತ ಬುದ್ಧಿಯಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ತಂದು ಅಂಟಿಸುತ್ತದೆ. ಏರು, ಇಳಿ ಎರಡನ್ನೂ ಸೇರಿಸಿ ಆರಿಸೆಂದು ಕೊಟ್ಟಾಗ ಆ ಜೋಡಿಯ ಸುತ್ತ ಬ್ರ್ಯಾಕೆಟ್ ಇಲ್ಲದಿದ್ದರೆ ಅಪ್ಪಣೆ ಮೊದಲನೆಯದಕ್ಕಷ್ಟೇ ತಗುಲುತ್ತದೆ. ಏರು ಆರುತ್ತದೆ, ಇಳಿ ಉರಿಯುತ್ತಲೇ ಇರುತ್ತದೆ.

ಇದನ್ನು ಕಲಿಸಲು ಅವರು ಹಲಗೆಯೊಂದಕ್ಕೆ ಬಲ್ಬುಗಳ ಸಾಲು ಕೂರಿಸಿದ್ದರು. ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಅದರ ಮುಂದೆ ಕುಳಿತು ತಾವು ಬರೆದ ಸಾಲನ್ನು ಬಾಯಿಬಿಟ್ಟು ಓದಬೇಕು. “ಜೋರಾಗಿ ಓದು. ಓದೋವಾಗ ನಾಲಿಗೆ ತೊಡರಿದ್ರೆ ಬರೆದಿದ್ದೇ ಸರಿಯಿಲ್ಲ ಅಂತ ಅರ್ಥ,” ಎನ್ನುತ್ತಿದ್ದರು. ಒಮ್ಮೆ ಹೊಸ ಹುಡುಗಿಯೊಬ್ಬಳ ತಪ್ಪಿನಿಂದ ಪರೀಕ್ಷೆಯ ಲಿಫ್ಟ್ ಬೆಳಗಿನಿಂದ ಸಂಜೆಯವರೆಗೆ ಗಂಟೆ ಬಾರಿಸುತ್ತಲೇ ಇತ್ತು. ಕೆಲಸ ಹೋಯಿತೆಂದು ಅಳುತ್ತಿದ್ದ ಅವಳಿಗೆ ಮೇಡಂ ಹೇಳಿದ್ದು ಇಷ್ಟೇ: “ಸುಮ್ನಿರು ಪುಟ್ಟಿ. ನೀನು ಬರೆದೆ, ನಾನು ನೋಡಿ ಸರಿ ಅಂದೆ. ಬೈಗುಳ ಬಂದ್ರೆ ಅರ್ಧರ್ಧ.” ಬೈಗುಳ ಬಂದಾಗ ಮಾತ್ರ ಪೂರ್ತಿ ತಾವೇ ತಿಂದರು. ಆ ಹುಡುಗಿ ಇಂದು ಪರೀಕ್ಷಾ ವಿಭಾಗದ ಮೇಲ್ವಿಚಾರಕಿ.

ಇಂಥ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಎಲ್ಲವೂ ಬೇಗ ಆಗಬೇಕೆನ್ನುವ ಅವರಿಗೆ ‘ಚುರುಕು ಸಾಹೇಬರು’ ಎಂಬ ಬಿರುದು ಬೇಗನೆ ಬಂತು. ತುಂಬಿದ ಸಭೆಯಲ್ಲಿ ಅವರು ಮೇಡಂ ಅವರ ಪುಟವನ್ನು ಗೋಡೆಯ ಪರದೆಗೇರಿಸಿ ನಕ್ಕರು.

“ಏನ್ ಮೇಡಂ ಇದು, ಬೆಳೆಗಿಂತ ಬೇಲೀನೇ ಜಾಸ್ತಿ?”

“ದನ ನುಗ್ಗೋವರೆಗೂ ಎಲ್ರಿಗೂ ಹಾಗೇ ಅನ್ಸತ್ತೆ ಸರ್.”

ನಗು ಪಕ್ಷ ಬದಲಾಯಿಸಿತು. ಅದನ್ನು ಸಾಹೇಬರು ಮರೆಯಲಿಲ್ಲ. ಮುಂದಿನ ಮಾದರಿಗಾಗಿ ಅವರೇ ಮ್ಯಾಕ್ರೊಗಳನ್ನು ಹೊಸದಾಗಿ, ಚುಟುಕಾಗಿ, ಬ್ರ್ಯಾಕೆಟ್‌ಗಳ ಬೇಲಿಯಿಲ್ಲದೆ ಬರೆದರು. ಮೇಡಂ ಬರಹದಲ್ಲಿ ಆಕ್ಷೇಪಿಸಿದರು. ‘ಗಮನಿಸಲಾಗಿದೆ’ ಎಂಬ ಉತ್ತರ ಬಂತು. ಗಡಿಬಿಡಿಯ ಪರೀಕ್ಷೆಯಲ್ಲಿ ಲಿಫ್ಟನ್ನು ಮೇಲೇರುವಾಗ ಮಾತ್ರ ನಿಲ್ಲಿಸಿ ನೋಡಿದರು. ನಿಂತಿತು. ಇಳಿಯುವಾಗ ನಿಲ್ಲಿಸಿ ನೋಡುವಷ್ಟು ಪುರುಸೊತ್ತು ಸಾಹೇಬರಿಗೆ ಇರಲಿಲ್ಲ.

ಆ ಪುರುಸೊತ್ತಿಲ್ಲದಿದ್ದುದರ ಬೆಲೆಯನ್ನು ತೆತ್ತವನು ಒಬ್ಬ ಮೆಕ್ಯಾನಿಕ್. ಗಿರಾಕಿಯ ಉಗ್ರಾಣದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು, ಅದನ್ನು ನಿಧಾನವಾಗಿ ಇಳಿಸುತ್ತಾ, ನಿಲುಗಡೆಯ ಗುಂಡಿಯೊತ್ತಿ ಕಂಬಿಗೆ ಎಣ್ಣೆ ಹಚ್ಚಲು ಕೈಚಾಚಿದ. ಲಿಫ್ಟ್ ನಿಲ್ಲಲಿಲ್ಲ. ಎಡಗೈಯ ಬೆರಳುಗಳು ಹೋದವು.

ಮೇಡಂ ಮರುದಿನವೇ ಕಾರಣ ಹುಡುಕಿ ತೋರಿಸಿದರು: ಬ್ರ್ಯಾಕೆಟ್ ಇಲ್ಲದ ಅಪ್ಪಣೆ ಏರನ್ನಷ್ಟೇ ಆರಿಸಿತ್ತು, ಇಳಿ ಉರಿಯುತ್ತಲೇ ಇತ್ತು. ಅದೇ ವಾರ ಬ್ರ್ಯಾಕೆಟ್‌ಗಳು ಸದ್ದಿಲ್ಲದೆ ತಮ್ಮ ಜಾಗಕ್ಕೆ ಮರಳಿದವು. ಆಮೇಲೆ ತನಿಖಾ ವರದಿ ಬಂತು: ಯಂತ್ರದಲ್ಲಿ ದೋಷವಿಲ್ಲ; ಮೆಕ್ಯಾನಿಕ್ ಕೆಂಪು ತುರ್ತು ಗುಂಡಿಯನ್ನು ಒತ್ತಬೇಕಿತ್ತು; ಇದು ಆತನ ಅಜಾಗರೂಕತೆ. ಕೆಳಗೆ ಮೇಡಂ ಅವರ ಸಹಿಗೆ ಜಾಗ ಬಿಟ್ಟಿದ್ದರು.

“ದೋಷ ಇರ್ಲಿಲ್ಲ ಅಂದ್ರೆ ಹೋದ ವಾರ ತಿದ್ದಿದ್ದೇನು ಸರ್?” ಎಂದು ಅವರು ಕೇಳಿದರು.

“ಅದು ಸುಧಾರಣೆ,” ಎಂದರು ಸಾಹೇಬರು.

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಬೆರಳು ಕಳೆದುಕೊಂಡವನ ಕೆಲಸ ಹೋಯಿತು, ಪರಿಹಾರ ಹೋಯಿತು, ಮೇಲೆ ಅಜಾಗರೂಕನೆಂಬ ಹೆಸರು ಬೇರೆ ಅಂಟಿತು. ಬೇರೆ ಯಾವ ಕಾರ್ಖಾನೆಯೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬ್ರ್ಯಾಕೆಟ್ ಕಿತ್ತವರಿಗೆ ಬಡ್ತಿ ಸಿಕ್ಕಿತು.

ಮೇಡಂ ವರದಿಯನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಾಗ ಮಗಳು, “ಹಾಕ್ಬಿಡಮ್ಮ ಸಹಿ. ನಿವೃತ್ತಿ ಹತ್ರ ಬಂತು, ಯಾಕೆ ಬೇಕು ಇಲ್ಲದ ಉಸಾಬರಿ?” ಎಂದಳಂತೆ. ಜೀವನವಿಡೀ ಸೊಸೆಯ ಅಡುಗೆಯಲ್ಲಿ ಉಪ್ಪು ಕಮ್ಮಿಯೆಂದೇ ವಾದಿಸಿದ ಅತ್ತೆ ಅಂದು ತಟ್ಟೆಯಿಂದ ತಲೆಯೆತ್ತದೆ, “ಹಾಕಬೇಡ. ಏನ್ ಮಾಡ್ತಾರೆ, ನುಂಗ್ತಾರಾ?” ಎಂದರಂತೆ. ಅತ್ತೆ ಸೊಸೆಗೆ ಒಮ್ಮತ ಮೂಡಿದ್ದು ಅದೇ ಮೊದಲೆಂದು ಮೇಡಂ ಹೇಳುತ್ತಾರೆ.

ನುಂಗಲಿಲ್ಲ, ಮೂಲೆಗೆ ತಳ್ಳಿದರು. ಕಿಟಕಿಯಿಲ್ಲದ, ಹಳೆಯ ಮೋಟಾರುಗಳ ಗ್ರೀಸ್ ವಾಸನೆಯ ಕೋಣೆಯೊಂದರಲ್ಲಿ ಬಳಕೆಯ ಕೈಪಿಡಿಗಳ ಕರಡಚ್ಚು ತಿದ್ದುವ ಕೆಲಸ ಕೊಟ್ಟರು. ಮೆಕ್ಯಾನಿಕ್ ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ ಸಾಕ್ಷಿ ಹೇಳಲು ಮೇಡಂ ಅನುಮತಿ ಕೇಳಿದರು. ಸೇವೆಯಲ್ಲಿರುವವರು ಅನುಮತಿಯಿಲ್ಲದೆ ಹೇಳುವಂತಿಲ್ಲವೆಂಬುದು ಸಂಸ್ಥೆಯ ನಿಯಮ. ಸಾಹೇಬರು ನಿರಾಕರಿಸಿದರು. ಇವರು ಮತ್ತೆ ಕೇಳಿದರು, ಅವರು ಮತ್ತೆ ನಿರಾಕರಿಸಿದರು. ಮೇಡಂ ರಾಜೀನಾಮೆ ಎಸೆದು ಹೋಗಬಹುದಿತ್ತು. ಆದರೆ ಜಗಳವಾಡಿ ಬಿಟ್ಟುಹೋದವಳ ಮಾತಿಗೆ ‘ಹೊಟ್ಟೆಕಿಚ್ಚು’ ಎಂಬ ಚೀಟಿ ಅಂಟಿಸುವುದು ಸಾಹೇಬರಿಗೆ ಚಿಟಿಕೆ ಹೊಡೆದಷ್ಟು ಸುಲಭವೆಂದು ಅವರಿಗೆ ಗೊತ್ತಿತ್ತು. ಹಲ್ಲುಕಚ್ಚಿ ಕುಳಿತರು. ಆ ಕೋಣೆಯ ಬಾಗಿಲಿಗೂ ಹೊಸಬರು ತಮ್ಮ ಸಾಲುಗಳನ್ನು ಹಿಡಿದು ಬರುತ್ತಿದ್ದರು. ಯಾರನ್ನೂ ಅವರು ಹಿಂದಕ್ಕೆ ಕಳುಹಿಸಲಿಲ್ಲ. ಸಿಟ್ಟನ್ನು ಅವರು ಬಚ್ಚಿಟ್ಟದ್ದೂ ಇಲ್ಲ, ಅಡ್ಡಾದಿಡ್ಡಿ ಚೆಲ್ಲಿದ್ದೂ ಇಲ್ಲ, ಸಾಹೇಬರು ಎದುರಾದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, “ಆ ಹುಡುಗನ ಕೈ ಹೇಗಿದೆ ಸರ್?”

ಮೊನ್ನೆ ಬೀಳ್ಕೊಡುಗೆಯಲ್ಲಿ ಹೂಗುಚ್ಛ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು, ಭಾಷಣಗಳಾದವು. ಚುರುಕು ಸಾಹೇಬರು ಕೈಕುಲುಕುತ್ತಾ, “ಇನ್ನೇನ್ ಮೇಡಂ, ಆರಾಮಾಗಿ ಮನೇಲಿರಿ,” ಎಂದರು.

“ಇಲ್ಲ ಸರ್. ಸೋಮವಾರ ನ್ಯಾಯಾಲಯಕ್ಕೆ ಹೋಗ್ಬೇಕು,” ಎಂದರು ಮೇಡಂ. “ಇನ್ಮೇಲೆ ನಿಮ್ಮ ಅನುಮತಿ ಬೇಡ ನೋಡಿ.”

ಸಾಹೇಬರ ಕೈಯನ್ನು ಬಿಟ್ಟು ಅವರು ತಮ್ಮ ಬಲ್ಬಿನ ಹಲಗೆಯನ್ನು ಬಗಲಿಗೇರಿಸಿದರು. ಬ್ರ್ಯಾಕೆಟ್ ಇದ್ದರೇನು, ಇಲ್ಲದಿದ್ದರೇನು ಎಂದು ನ್ಯಾಯಾಧೀಶರಿಗೆ ಉರಿಸಿ, ಆರಿಸಿ ತೋರಿಸಬೇಕಲ್ಲ. ಗಡಿಯಾರ ಮೇಜಿನ ಮೇಲೆಯೇ ಉಳಿಯಿತು.

ನಿವೃತ್ತಿಯ ಹೊಸ್ತಿಲಲ್ಲಿರುವ ಈ ಹಿರಿಯರಿಗೆ ವಿಶ್ರಾಂತಿ ಸಿಗಲೆಂದು ಹಾರೈಸುವುದು ವಾಡಿಕೆ. ಅವರ ಶಿಷ್ಯರು ಅದನ್ನು ಹಾರೈಸುವುದಿಲ್ಲ. ಗಟ್ಟಿ ದನಿ, ಚುರುಕು ಕಣ್ಣು, ತಣಿಯದ ಸಿಟ್ಟು ಅವರಿಗಿರಲಿ. ಆ ಮೆಕ್ಯಾನಿಕ್‌ನ ಹೆಸರಿಗೆ ಅಂಟಿದ ಪದವನ್ನು ಅಳಿಸಿದ ಮೇಲೆಯೂ ಬಹುಕಾಲ ಬಾಳುವ ಆಯುಸ್ಸಿರಲಿ. ಸೋಮವಾರಕ್ಕೆ ನಿಯಂತ್ರಣ ವಿಭಾಗದ ಅರ್ಧಕ್ಕೂ ಹೆಚ್ಚು ಜನ ರಜೆ ಹಾಕಿದ್ದಾರೆ. ಅವರೆಲ್ಲರಿಗಿಂತ ಮೊದಲು ಹಾಕಿದವಳು ಪಕ್ಕದ ಪರೀಕ್ಷಾ ವಿಭಾಗದ ಆ ಮೇಲ್ವಿಚಾರಕಿ. ರಜೆಯ ಕಾರಣ ಬರೆಯುವ ಜಾಗದಲ್ಲಿ ಯಾರೂ ಜ್ವರವೆಂದು ಬರೆದಿಲ್ಲ.