ಮಲ್ಲಿಗಮ್ಮ ಬ್ರೇಕು ಬಿಚ್ಚಿದ ಭಾನುವಾರ

ಶನಿವಾರ ಸಂಜೆ ಮದ್ದೂರಿನ ಗಾರ್ಮೆಂಟ್ಸ್ ಬಿಟ್ಟು ಚಿಕ್ಕರಸಿನಕೆರೆ ಕಡೆ ಬರುವಾಗ, ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರಾಕ್ಟರು ನಾಲೆ ಸೇತುವೆಯ ಹತ್ತಿರ ಇದ್ದಕ್ಕಿದ್ದಂತೆ ನಿಂತಿತು. ಸಿದ್ದರಾಮು ಬ್ರೇಕು ತುಳಿದ. ಪೆಡಲು ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಮತ್ತೆ ಮತ್ತೆ ತುಳಿದು, ಗೇರು ಇಳಿಸಿ, ಹ್ಯಾಂಡ್‌ಬ್ರೇಕು ಎಳೆದ. ಟ್ರಾಕ್ಟರಿನಿಂದ ಹೊರಗೆ ಚಾಚಿದ್ದ ಕಬ್ಬಿನ ಸೋಗೆ ಮುಂದಿನ ಗಾಜನ್ನು ಸವರಿದ ಮೇಲೆ ಗಾಡಿ ನಿಂತಿತು.

ಏಳು ಸೀಟಿನ ಆ ದೊಡ್ಡ ಗಾಡಿಯಲ್ಲಿ ಹನ್ನೊಂದು ಜನ ಹೆಂಗಸರಿದ್ದರು. ಎಲ್ಲರೂ ಹೊಲಿಗೆ ಕೆಲಸದವರು. ಮುಂದಿನ ಸೀಟಿನಲ್ಲಿದ್ದವಳು ಸಿದ್ದರಾಮುವಿನ ಹೆಂಡತಿ ಮಲ್ಲಿಗಮ್ಮ. ಅವಳೂ ಅಲ್ಲೇ ಕಾಲರ್ ಹೊಲಿಯುತ್ತಿದ್ದಳು. ಗಾಡಿ ನಿಂತ ಮೇಲೆ ಹಿಂದಿನ ಸೀಟಿನಿಂದ ವೀಣ ಕೇಳಿದಳು, "ಅಣ್ಣಾ, ಸೋಮವಾರ ಗಾಡಿ ಬತ್ತದಾ?"

ಸಿದ್ದರಾಮು ಗಾಡಿಯನ್ನು ಮೊದಲ ಗೇರಿನಲ್ಲೇ ಮೆಲ್ಲಗೆ ಊರ ಕಡೆ ಹೊರಡಿಸಿದ. "ಬತ್ತದೆ ಬುಡು," ಎಂದಳು ಮಲ್ಲಿಗಮ್ಮ. ಹೇಳಿದ ಮೇಲೆ, ಈ ಭಾನುವಾರವೂ ಹೋಯಿತು ಅಂತ ಅವಳಿಗೆ ಅನ್ನಿಸಿತು.

ಸಿದ್ದರಾಮು ಯಾವ ಗ್ಯಾರೇಜಿನಲ್ಲೂ ಕೆಲಸ ಕಲಿತವನಲ್ಲ. ಹತ್ತು ವರ್ಷದ ಕೆಳಗೆ ಮಳವಳ್ಳಿಯ ಕಂಟ್ರಾಕ್ಟರೊಬ್ಬರಿಂದ ಈ ಗಾಡಿಯನ್ನು ಕೊಂಡಾಗ ಅದು ಆಗಲೇ ಎರಡು ಲಕ್ಷ ಕಿಲೋಮೀಟರು ಓಡಿ ದಣಿದಿತ್ತು. ತಿಂಗಳಿಗೆ ಎರಡು ಸಲ ಏನಾದರೊಂದು ಕೆಡುತ್ತಿತ್ತು. ಗ್ಯಾರೇಜಿಗೆ ಬಿಟ್ಟರೆ ಹೇಳಿದ ದಿನಕ್ಕೆ ಸಿಗುವುದಿಲ್ಲ. ಒಂದು ದಿನ ಗಾಡಿ ತಪ್ಪಿದರೆ ಅಷ್ಟೂ ಹೆಂಗಸರ ಹಾಜರಿ ತಪ್ಪುತ್ತದೆ. ಹಾಗಾಗಿ ಮನೆ ಮುಂದಿನ ಹೊಂಗೆ ಮರದಡಿ ತಾನೇ ಬಿಚ್ಚಿ ಕಲಿತ. ಮೊದಲು ಆಯಿಲ್ ಬದಲಿಸಿದ, ಆಮೇಲೆ ಫ್ಯಾನ್ ಬೆಲ್ಟು, ಆಮೇಲೆ ಬೇರಿಂಗು. ಒಂದು ಸಲ ಕ್ಲಚ್ ಪ್ಲೇಟು ಹಾಕಲು ಹೋಗಿ, ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡು, ಪಕ್ಕದ ಮನೆಯವರು ಬಂದು ಎತ್ತುವ ತನಕ ಹಾಗೇ ಮಲಗಿದ್ದ. ಅದನ್ನು ನಗುತ್ತಾ ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಎರಡು ವರ್ಷದ ಕೆಳಗೆ, ಮಳೆ ಬಿದ್ದು ನೆಲ ಹಸಿಯಾಗಿದ್ದ ಒಂದು ಬೆಳಗ್ಗೆ ಜಾಕು ವಾಲಿತು. ಗಾಡಿ ಕೂತದ್ದು ಅವನ ಬಲಗೈಯ ಮೇಲೆ. ಮಂಡ್ಯದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಬಂದ. ಕೈ ಉಳಿಯಿತು, ಮೂರು ಬೆರಳು ಮಡಿಸಲು ಬಾರದಾದವು. ಸ್ಟೇರಿಂಗಿನ ಮೇಲೆ ಅಂಗೈ ಊರಿ ಓಡಿಸಬಲ್ಲ. ಸ್ಪ್ಯಾನರ್ ಹಿಡಿಯಲಾರ.

ಮಲ್ಲಿಗಮ್ಮ ಗಾಡಿ ಕೆಳಗೆ ಮೊದಲು ತೂರಿದ್ದು ಆಯಿಲ್ ಬದಲಿಸಲು. ಅವಳಿಗೆ ಅದರಲ್ಲಿ ಆಸೆಯೇನೂ ಇರಲಿಲ್ಲ. ಹಳೇ ನೈಟಿಯ ಮೇಲೆ ಗಂಡನ ಶರಟು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಅವನು ಹೇಳಿದ ಬೋಲ್ಟು ಬಿಚ್ಚಿದಳು. ಅವತ್ತಿನಿಂದ ಅವನ ಬಾಯಿ, ಅವಳ ಕೈ. ಅವನು ಮರದಿಂದಾಚೆ ಹತ್ತು ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಕೂಗುತ್ತಿದ್ದ. ವಾರಕ್ಕೆ ಆರು ದಿನ ಮಿಷನ್ನಿನ ಮುಂದೆ ಬಗ್ಗಿ ಕೂತ ಬೆನ್ನು ಏಳನೇ ದಿನ ಗಾಡಿ ಕೆಳಗೆ ನೆಲಕ್ಕೆ ಒರಗುತ್ತಿತ್ತು.

ಭಾನುವಾರ ಬೆಳಗ್ಗೆ ಹಿಂದಿನ ಎಡಚಕ್ರ ಬಿಚ್ಚಿ ಡ್ರಮ್ಮು ತಟ್ಟಿ ತೆಗೆದಾಗ ಒಳಗೆಲ್ಲ ಬ್ರೇಕ್ ಆಯಿಲ್ ಸುರಿದಿತ್ತು. ಚಕ್ರದ ಒಳಗಿನ ಸಣ್ಣ ಸಿಲಿಂಡರು ಸೋರಿ, ಹಿಡಿಯಬೇಕಾದ ಲೈನರುಗಳು ನೆನೆದು ಜಾರುತ್ತಿದ್ದವು. ಅವಳು ಸಿಲಿಂಡರು ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಮದ್ದೂರಿಗೆ ಹೋದಳು. ನಜೀರ್ ಅಹ್ಮದ್ ಅವರ ಬಿಡಿಭಾಗಗಳ ಅಂಗಡಿಗೆ ಶುಕ್ರವಾರ ರಜ, ಭಾನುವಾರ ತೆರೆದಿರುತ್ತದೆ.

ನಜೀರ್ ಅಹ್ಮದ್ ಅವಳ ಕೈಯ ಕಪ್ಪನ್ನೂ ಕಣ್ಣಿನ ಕೆಳಗಿನ ಕಪ್ಪನ್ನೂ ನೋಡಿದರು. "ಮಂಗಳವಾರ ನಾನೇ ಬಂದು ಹಾಕಿಕೊಡ್ತೀನಮ್ಮ. ಬ್ರೇಕಿನ ಕೆಲಸ ಇದು."

"ನಾಳೆ ಬೆಳಿಗ್ಗೆ ಗಾಡಿ ಓಗ್ಬೇಕು ನಜೀರಣ್ಣ."

ಅವರು ಹೊಸ ಸಿಲಿಂಡರು, ಲೈನರುಗಳು, ಒಂದು ಡಬ್ಬಿ ಆಯಿಲ್ ಇಟ್ಟರು. ಆಮೇಲೆ ಒಳಗಿನಿಂದ ಹಳೆಯದೊಂದು ಬ್ರೇಕಿನ ತಟ್ಟೆ ತಂದು, ಲೈನರುಗಳನ್ನು ಎಳೆದು ಹಿಡಿಯುವ ಸ್ಪ್ರಿಂಗು ಯಾವ ತೂತಿಗೆ ಯಾವ ಕಡೆಯಿಂದ ಸಿಗಬೇಕೆಂದು ಎರಡು ಸಲ ಹಾಕಿ ತೆಗೆದು ತೋರಿಸಿದರು. ಅವಳು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡಳು. "ಗಾಳಿ ಪೂರ್ತಿ ತೆಗೀಬೇಕಮ್ಮ. ಪೈಪಿನೊಳಗೆ ವಸಿ ಗಾಳಿ ಇದ್ರೂ ಪೆಡಲ್ಲು ಮೋಸ ಮಾಡ್ತದೆ," ಎಂದರು.

ಮನೆಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಉಂಡರೆ ನಿದ್ದೆ ಎಳೆಯುತ್ತದೆಂದು ಒಂದು ಲೋಟ ಮಜ್ಜಿಗೆ ಕುಡಿದು ಕೆಲಸಕ್ಕೆ ಕೂತಳು. ಸಿಲಿಂಡರು ಸಲೀಸಾಗಿ ಕೂತಿತು. ಸ್ಪ್ರಿಂಗು ಕೂರಲಿಲ್ಲ. ಇಕ್ಕಳದಲ್ಲಿ ಎಳೆದು ತೂತಿನ ಹತ್ತಿರ ತರುವುದು, ಅದು ಚಿಮ್ಮುವುದು. ನಾಲ್ಕನೇ ಸಲ ಹೆಬ್ಬೆರಳಿನ ಬುಡಕ್ಕೆ ಹೊಡೆದು ರಕ್ತ ಬಂತು.

ಕುರ್ಚಿಯಿಂದ ಸಿದ್ದರಾಮು ಕೂಗಿದ. "ಅಂಗಲ್ಲ ಕಣಮ್ಮಿ, ಕೆಳಗಿಂದ ಎಳಿ. ಎಷ್ಟ್ ಸಲ ಯೋಳೋದು. ನಿನ್ ಕೈಲಿ ಆಗಕಿಲ್ಲ, ಬುಡು."

ಮಲ್ಲಿಗಮ್ಮ ಇಕ್ಕಳವನ್ನು ನೆಲಕ್ಕಿಟ್ಟಳು. ಎಸೆಯುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಆಗಕಿಲ್ಲ. ನೀನೇ ಬಂದು ಮಾಡು," ಎಂದು ಜಗಲಿಗೆ ಹೋಗಿ ಗೋಡೆಗೊರಗಿದಳು.

ಸಿದ್ದರಾಮು ಬಹಳ ಹೊತ್ತು ಕುರ್ಚಿಯಲ್ಲೇ ಇದ್ದ. ಆಮೇಲೆ ಎದ್ದು ಗಾಡಿಯ ಹತ್ತಿರ ಬಂದ. ಕೂತುಕೊಳ್ಳುವ ಮೊದಲು ಜಾಕನ್ನು ಅಲ್ಲಾಡಿಸಿ ನೋಡಿದ. ಗಾಡಿ ಕೆಳಗೆ ಆಸರೆ ಕೊಟ್ಟಿದ್ದ ಮರದ ದಿಮ್ಮಿಯನ್ನು ಕಾಲಲ್ಲಿ ಒದ್ದು ನೋಡಿದ, ಮತ್ತೊಮ್ಮೆ ಜಾಕನ್ನು ಮುಟ್ಟಿದ. ಎಡಗೈಯಲ್ಲಿ ಇಕ್ಕಳ ಹಿಡಿದು ಸ್ಪ್ರಿಂಗು ಎಳೆಯಲು ನೋಡಿದ; ಅದು ಜಾರಿ ಮಣ್ಣಿಗೆ ಬಿತ್ತು. ಎತ್ತಿಕೊಳ್ಳಲು ಹೋದವನು ಅಲ್ಲೇ ಕುಕ್ಕರುಗಾಲಲ್ಲಿ ಉಳಿದ. ಅವನ ಅಂಗಿಯ ಬೆನ್ನು ಪೂರ್ತಿ ಬೆವರಲ್ಲಿ ನೆನೆದಿತ್ತು.

ಮಲ್ಲಿಗಮ್ಮ ಎದ್ದು ಬಂದಳು. "ಏನಾಯ್ತು?"

"ಏನಿಲ್ಲ." ಸ್ಪ್ರಿಂಗಿನ ಮಣ್ಣು ಒರೆಸುತ್ತಾ ಅವನೇ ಹೇಳಿದ. "ನೀನು ಕೆಳೀಕೆ ತೂರಿದಾಗ ಬರೀ ಎರಡು ಕಾಲು ಕಾಣ್ತವೆ ನೋಡು. ಅದ ನೋಡಾಕಾಗಕಿಲ್ಲ ನಂಗೆ. ಅದ್ಕೇ ದೂರ ಕೂರೋದು. ಕಿರುಚಾಡೋದೂ ಅದ್ಕೇಯ."

ಎರಡು ವರ್ಷದಿಂದ, ಅವನು ಯಜಮಾನಿಕೆ ಮಾಡಲು ದೂರ ಕೂರುತ್ತಾನೆಂದೇ ಅವಳು ತಿಳಿದಿದ್ದಳು. ಈಗ ಸಮಾಧಾನ ಹೇಳುವಷ್ಟು ಕಸುವೂ ಇರಲಿಲ್ಲ. ಅವನ ಪಕ್ಕ ಕೂತು, "ಈ ಲೈನರ್‌ನ ಅಂಗೈಲಿ ಒತ್ತಿ ಇಡ್ಕೊ. ಅಷ್ಟಾದ್ರೂ ಆಯ್ತದಲ್ಲ," ಎಂದಳು.

ಆಯಿತು. ಅವನು ಬಲ ಅಂಗೈಯಿಂದ ಒತ್ತಿ ಹಿಡಿದ, ಅವಳು ಎರಡೂ ಕೈಯಿಂದ ಇಕ್ಕಳ ಎಳೆದಳು. ಸ್ಪ್ರಿಂಗು ಟಕ್ಕೆಂದು ತೂತಿಗೆ ಕೂತಿತು.

ಗಾಳಿ ತೆಗೆಯುವುದಕ್ಕೆ ಇನ್ನೂ ಒಂದೂವರೆ ಗಂಟೆ ಹಿಡಿಯಿತು. ಅವನು ಪೆಡಲು ತುಳಿದು ಹಿಡಿಯುವುದು, ಅವಳು ಚಕ್ರದ ಹಿಂದಿನ ಪುಟ್ಟ ನಿಪ್ಪಲ್ಲನ್ನು ಸಡಿಲಿಸುವುದು, ಆಯಿಲ್ ಜೊತೆ ಗುಳ್ಳೆಗಳು ಬರುವುದು, ಬಿಗಿ ಮಾಡುವುದು. "ಇಡ್ದೆ." "ಬುಟ್ಟೆ." "ಇಡ್ದೆ." "ಬುಟ್ಟೆ." ಒಂದು ಚಕ್ರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅವಳು ಎದ್ದು ನಡೆಯದೆ ತೆವಳಿಕೊಂಡೇ ಹೋದಳು.

ಸಂಜೆ ಖಾಲಿ ಗಾಡಿಯನ್ನು ನಾಲೆ ರಸ್ತೆಯಲ್ಲಿ ಓಡಿಸಿ ನೋಡಿದರು. ಆರು ಸಲ ಬ್ರೇಕು ಹಾಕಿಸಿದಳು. ಆರು ಸಲವೂ ಪೆಡಲು ಅರ್ಧದಲ್ಲೇ ಗಟ್ಟಿಯಾಯಿತು, ಗಾಡಿ ನೆಟ್ಟಗೆ ನಿಂತಿತು. "ಸರಿ ಐತೆ," ಎಂದ ಸಿದ್ದರಾಮು.

"ಸರಿ ಐತೆ. ಆದ್ರೂ ಇನ್ಮೇಲೆ ಒಂದ್ ಸಲಕ್ಕೆ ಆರೇ ಜನ," ಎಂದಳು ಮಲ್ಲಿಗಮ್ಮ. "ನಿನ್ನೆ ಆ ಕಬ್ಬು ಗಾಜಿಗೆ ತಾಗ್ದಾಗ ಇಂದ್ಗಡೆ ಸೀಟಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ರು. ಬ್ರೇಕ್ ಕಟ್ಟಿದ್ದು ನಾನು. ಯೋಳೋಳೂ ನಾನೇ."

"ಎರಡು ಟ್ರಿಪ್ ಒಡೀಬೇಕಾಯ್ತದೆ. ಬೆಳಿಗ್ಗೆ ಐದಕ್ಕೆ ಒಂಟ್ರೇ ಆಗೋದು."

"ಒಡಿ."

ಸೋಮವಾರ ಹೆಂಗಸರು ಗೊಣಗಿದರು. ಮೊದಲ ಟ್ರಿಪ್ಪಿಗೆ ಬೀಳುವವರು ಐದಕ್ಕೇ ಹೊರಡಬೇಕಿತ್ತು. ಆ ಪಟ್ಟಿಗೆ ಮಲ್ಲಿಗಮ್ಮ ಮೊದಲು ತನ್ನ ಹೆಸರು ಸೇರಿಸಿಕೊಂಡಳು. ಎರಡು ವಾರಕ್ಕೆ ಇಬ್ಬರು ಬೇರೆ ಗಾಡಿ ನೋಡಿಕೊಂಡರು. ಉಳಿದವರಿಗೆ ಅದೇ ಅಭ್ಯಾಸವಾಯಿತು. ಕಾರ್ಖಾನೆಯ ಬಾಗಿಲು ತೆರೆಯುವ ತನಕ ಅವಳು ಗೇಟಿನ ಹೊರಗೆ, ಮುಚ್ಚಿದ ಟೀ ಅಂಗಡಿಯ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡುತ್ತಿದ್ದಳು.

ಅವಳು ಬ್ರೇಕು ರಿಪೇರಿ ಮಾಡಿದಳೆಂಬ ಸುದ್ದಿ ಹೇಗೋ ಹಬ್ಬಿ, ಪಕ್ಕದ ಬೀದಿಯ ಶಿವರಾಜು ತನ್ನ ಗಾಡಿಯನ್ನೂ ನೋಡಿಕೊಡಬೇಕೆಂದು ಕೇಳಿಕೊಂಡು ಬಂದ.

"ಆಗಕಿಲ್ಲ ಕಣಪ್ಪ," ಎಂದಳು ಮಲ್ಲಿಗಮ್ಮ, ಮುಚ್ಚುಮರೆ ಇಲ್ಲದೆ. "ಇರೋದು ಒಂದು ಭಾನುವಾರ. ಈ ವಾರ ಮನೇಲಿ ಇಬ್ರೂ ಮಲಗ್ತೀವಿ."

ಆ ಭಾನುವಾರ ಗಾಡಿಗೆ ಏನೂ ಆಗಲಿಲ್ಲ. ಅವರು ಬಾಗಿಲು ಹಾಕಿಕೊಂಡು ಮಧ್ಯಾಹ್ನದ ತನಕ ಮಲಗಿದರು.